ಮಹಬೂಲಾದ ಹದಿಮೂರನೇ ಮಹಡಿ ಲೇಹ್ ಅಲ್ಲ, ಸ್ವಾಮಿ

ಮಾನ್ಯ ಕ್ಷೇಮಾಧಿಕಾರಿಗಳೇ,

ನನ್ನ ಹೆಂಡತಿಯನ್ನು ನನಗೆ ವಾಪಸ್ ಕೊಡಿ. ಅವಳು ಎಲ್ಲಿಗೂ ಓಡಿಹೋಗಿಲ್ಲ. ಕುವೈತಿನ ಮಹಬೂಲಾದ ನಮ್ಮ ಇದೇ ಕಂಪನಿ ಕಟ್ಟಡದ ಮೊದಲನೇ ಮಹಡಿಯಲ್ಲಿ ಇದ್ದಾಳೆ. ನಾನು ಹದಿಮೂರನೆಯದರಲ್ಲಿ ಇದ್ದೇನೆ. ಇಪ್ಪತ್ತನಾಲ್ಕು ವರ್ಷ ಒಂದೇ ಸೂರಿನಡಿ ಬಾಳಿದ ಗಂಡ ಹೆಂಡಿರ ನಡುವೆ ಹನ್ನೆರಡು ಮಹಡಿ ತಂದಿಟ್ಟವರು ಅತ್ತೆಯಲ್ಲ, ನಾದಿನಿಯಲ್ಲ, ಜ್ಯೋತಿಷಿಯೂ ಅಲ್ಲ. ತಮ್ಮ ಕ್ಷೇಮ ವಿಭಾಗ. ಅದೂ ನನ್ನ ಆರೋಗ್ಯದ ಮೇಲಿನ ಕಾಳಜಿಯಿಂದ.

ಈ ಪತ್ರವನ್ನು ಲಿಫ್ಟಿನ ಪಕ್ಕದ ಸೂಚನಾ ಫಲಕದಲ್ಲಿ ಅಂಟಿಸುತ್ತಿದ್ದೇನೆ. ಎರಡು ಲಿಫ್ಟುಗಳಲ್ಲಿ ಒಂದು ರಂಜಾನಿಗೂ ಮೊದಲಿನಿಂದ ದುರಸ್ತಿಯಲ್ಲಿರುವುದರಿಂದ, ಇನ್ನೊಂದಕ್ಕೆ ಕಾಯುವವರಿಗೆ ಇದನ್ನು ಪೂರ್ತಿ ಓದಿ, ಮೊದಲಿನಿಂದ ಇನ್ನೊಮ್ಮೆ ಓದುವಷ್ಟು ಬಿಡುವಿದೆ. ಕನ್ನಡದಲ್ಲಿ ಯಾಕೆ ಬರೆದೆ ಎಂದರೆ, ತಾವೂ ನಮ್ಮ ಕಡೆಯವರೇ, ಮಂಡ್ಯದವರು. ಇಂಗ್ಲಿಷಿನಲ್ಲೋ ಅರಬಿಯಲ್ಲೋ ಬರೆದರೆ ಉಳಿದವರಿಗೂ ಅರ್ಥವಾಗಿ ಕಂಪನಿಯ ಮಾನ ಹೋದೀತು. ನನಗೆ ಕಂಪನಿಯ ಮೇಲೆ ಇನ್ನೂ ಸ್ವಲ್ಪ ಅಭಿಮಾನವಿದೆ.

ವಿಷಯ ಗೊತ್ತಿಲ್ಲದೆ ಲಿಫ್ಟಿಗೆ ಕಾಯುತ್ತಿರುವವರಿಗಾಗಿ ಹೇಳುತ್ತೇನೆ. ಜನವರಿಯಲ್ಲಿ ಕ್ಷೇಮಾಧಿಕಾರಿಗಳು ಒಂದು ಆನ್‌ಲೈನ್ ಉಪನ್ಯಾಸ ಕೇಳಿದರು. ಎತ್ತರದ ಬೆಟ್ಟಪ್ರದೇಶಗಳಲ್ಲಿ ಬಾಳುವವರ ರಕ್ತದಲ್ಲಿ ಸಕ್ಕರೆ ಕಡಿಮೆ, ಬೊಜ್ಜು ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ ಎಂಬುದು ಅದರ ಸಾರಾಂಶ. ಉಪನ್ಯಾಸ ಒಂದು ಗಂಟೆಯದು. ಸಾಹೇಬರು ಅದರಲ್ಲಿ ಎಷ್ಟು ನಿಮಿಷ ಕೇಳಿದರೋ ಕಾಣೆ, ಆದರೆ 'ಎತ್ತರ' ಎಂಬ ಮಾತಿನ ತನಕ ಕೇಳಿದ್ದಾರೆ. ಅಲ್ಲಿಗೆ ಎದ್ದು ಆದೇಶ ಬರೆದರು. ಕಂಪನಿ ಕಟ್ಟಡದಲ್ಲಿರುವ ಎಲ್ಲ ನೌಕರರ ರಕ್ತಪರೀಕ್ಷೆ ಮಾಡಿ, ಸಕ್ಕರೆ ಹೆಚ್ಚಿದ್ದವರನ್ನು ಮೇಲಿನ ಮಹಡಿಗೂ ಕಡಿಮೆಯಿದ್ದವರನ್ನು ಕೆಳಗಿನ ಮಹಡಿಗೂ ಹಂಚತಕ್ಕದ್ದು. ಹೆಸರು, 'ಎತ್ತರ ಆರೋಗ್ಯ ಯೋಜನೆ'.

ಮಾನ್ಯರೇ, ಕುವೈತ್ ಎಂಬ ಈ ದೇಶದಲ್ಲಿ ಎತ್ತರವೆಂದರೆ ಏನೆಂದು ತಮಗೆ ನೆನಪಿಸಬೇಕೆ? ಇಲ್ಲಿ ಫ್ಲೈಓವರ್ ಹತ್ತಿದರೆ ಮಕ್ಕಳು ಫೋಟೋ ತೆಗೆಯುತ್ತಾರೆ.

ಪರೀಕ್ಷೆಯ ದಿನದ ಕಥೆಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಗ್ರಹಚಾರ ಅಲ್ಲಿಂದಲೇ ಶುರು. ನಮ್ಮ ಘಟಕದಲ್ಲಿ ಒಂದು ಕಟ್ಟುಪಾಡಿದೆ. ರಜೆ ಮುಗಿಸಿ ಊರಿಂದ ಬಂದವನು ಕಂಟ್ರೋಲ್ ರೂಮಿಗೆ ಸಿಹಿಡಬ್ಬ ತರಬೇಕು, ಅಲ್ಲಿದ್ದವರೆಲ್ಲ ಒಂದೊಂದು ತಿನ್ನಬೇಕು. ಬೇಡವೆಂದರೆ ಅವನ ಊರನ್ನೇ ಬೇಡವೆಂದಂತೆ. ಫೆಬ್ರವರಿಯ ಆ ಬೆಳಿಗ್ಗೆ ಒಬ್ಬನಲ್ಲ, ಮೂವರು ರಜೆ ಮುಗಿಸಿ ಬಂದರು. ಮೈಸೂರ್‌ಪಾಕ್ ತಿಂದೆ, ಮರ್ಯಾದೆಗೆ. ಬಾಳೆಹಣ್ಣಿನ ಹಲ್ವ ತಿಂದೆ, ಸ್ನೇಹಕ್ಕೆ. ಮೂರನೆಯವನು ಲಾಹೋರಿನವನು, ಅವನ ಬರ್ಫಿ ತಿಂದೆ, ಅಂತರರಾಷ್ಟ್ರೀಯ ಶಾಂತಿಗೆ. ಹೊರಗೆ ಬಂದರೆ ತಮ್ಮ ತಂಡ ಸೂಜಿ ಹಿಡಿದು ನಿಂತಿತ್ತು. ತಿಂಡಿ ಆಯಿತೇ, ಯಾವಾಗ ಆಯಿತು, ಏನು ತಿಂದೆ, ಒಂದೂ ಕೇಳಲಿಲ್ಲ. ಬೆರಳು ಚುಚ್ಚಿದರು. ಇನ್ನೂರ ಮೂವತ್ತೊಂದು.

ನನಗೆ ಸಕ್ಕರೆ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಎಂಟು ವರ್ಷದಿಂದ ಗಡಿಯ ಮೇಲೆ ನಿಂತಿದ್ದೇನೆ. ಆ ಕಡೆ ಬೀಳದಂತೆ ಕಾಲರ್ ಹಿಡಿದು ನಿಲ್ಲಿಸಿರುವವಳು ನನ್ನ ಹೆಂಡತಿ ಕಾವೇರಮ್ಮ, ನಮ್ಮ ಕಂಪನಿಯ ಕ್ಲಿನಿಕ್ಕಿನಲ್ಲೇ ಹತ್ತೊಂಬತ್ತು ವರ್ಷದಿಂದ ನರ್ಸ್. ಅನ್ನವನ್ನು ಸೌಟಿನಲ್ಲಿ ಅಳೆದು ಬಡಿಸುತ್ತಾಳೆ. ಹಬ್ಬದ ದಿನ ಒಬ್ಬಟ್ಟಿನ ಕಾಲು ಭಾಗ ನನಗೆ, ಮುಕ್ಕಾಲು ಅಕ್ಕಪಕ್ಕದವರಿಗೆ. ಅದೇ ದಿನ ಅವಳ ಬೆರಳನ್ನೂ ಚುಚ್ಚಿದರು. ಎಂಬತ್ತೆಂಟು. ಪಟ್ಟಿ ಹೊರಬಿತ್ತು: ಕಾವೇರಮ್ಮ, ಮೊದಲನೇ ಮಹಡಿ. ಲಕ್ಷ್ಮೀನರಸಿಂಹ, ಹದಿಮೂರನೇ ಮಹಡಿ. ನಾವಿಬ್ಬರೂ ನೌಕರರು, ಇಬ್ಬರಿಗೂ ಬೇರೆ ಬೇರೆ ನೌಕರ ಸಂಖ್ಯೆ. ತಮ್ಮ ಕಂಪ್ಯೂಟರಿಗೆ ಸಂಖ್ಯೆ ಗೊತ್ತು, ಸಂಸಾರ ಗೊತ್ತಿಲ್ಲ.

ಇದು ತಪ್ಪಾಗಿರಬೇಕು ಎಂದುಕೊಂಡು, ಅರ್ಧ ದಿನ ರಜೆ ಹಾಕಿ ಮಿರ್ಕಾಬ್‌ನ ತಮ್ಮ ಕಚೇರಿಗೆ ಬಂದೆ. ತಾವು ಕಾಫಿ ತರಿಸಿದಿರಿ, ಸಕ್ಕರೆ ಇಲ್ಲದ್ದು. ಆ ಮಟ್ಟಿಗೆ ಸೌಜನ್ಯವಿತ್ತು.

"ಸರ್, ಇದರಲ್ಲಿ ಪರ್ಸನಲ್ ಏನಿಲ್ಲ. ಡಾಟಾ ಅಷ್ಟೇ," ಅಂದಿರಿ.

"ಡಾಟಾ ಸರಿ ಸಾರ್. ನಾವು ಗಂಡ ಹೆಂಡ್ತಿ," ಅಂದೆ.

"ಸೇಮ್ ಬಿಲ್ಡಿಂಗ್ ತಾನೇ ಸರ್? ಕೆಲವರ ಫ್ಯಾಮಿಲಿ ಊರಲ್ಲಿದೆ. ಯೂ ಆರ್ ಲಕ್ಕಿ!"

ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದವರ ಕಷ್ಟವನ್ನು ತಂದು ನನ್ನ ಬಾಯಿ ಮುಚ್ಚಿಸಿದಿರಿ. ಅವರ ಕಷ್ಟಕ್ಕೆ ಪರಿಹಾರ ನನಗೂ ಅದನ್ನೇ ಕೊಡುವುದೇ? ಹಾಗಾದರೆ ಕಾಲು ಮುರಿದವರ ಸಮಾಧಾನಕ್ಕೆ ಮಿಕ್ಕವರ ಕಾಲನ್ನೂ ಮುರಿಯುವ ಯೋಜನೆಯೊಂದನ್ನು ತಮ್ಮ ವಿಭಾಗ ಕೈಗೆತ್ತಿಕೊಳ್ಳಲಿ.

ಮಾರ್ಚ್ ಒಂದರಂದು ಎರಡು ಪೆಟ್ಟಿಗೆ, ಒಂದು ದಿಂಬು, ಒಂದು ಮಾತ್ರೆ ಡಬ್ಬಿಯೊಂದಿಗೆ ಮೇಲೇರಿದೆ. ಅಲ್ಲಿ ನನ್ನ ಜೊತೆ ಇಬ್ಬರು. ಗೋದಾಮಿನಲ್ಲಿ ಕೆಲಸ ಮಾಡುವ ಮಂಗಳೂರಿನ ಅಲೋಶಿಯಸ್, ಸಕ್ಕರೆ ಇನ್ನೂರ ಅರವತ್ತು. ಕ್ರೇನ್ ನಡೆಸುವ ಹೈದರಾಬಾದಿನ ತಾಹಿರ್, ಮುನ್ನೂರಕ್ಕೆ ಎರಡು ಕಡಿಮೆ. ಇಬ್ಬರೂ ಬಂಗಾರದಂಥ ಮನುಷ್ಯರು. ಆದರೆ ಒಂದು ಮಾತು ಯೋಚಿಸಿ ಮಾನ್ಯರೇ: ಇಡೀ ಕಟ್ಟಡದಲ್ಲಿ ಸಿಹಿಗೆ ಬಾಯಿಬಿಡುವವರನ್ನೆಲ್ಲ ಆರಿಸಿ ಒಂದೇ ಮಹಡಿಯಲ್ಲಿ, ಒಂದೇ ಅಡುಗೆಮನೆಯ ಸುತ್ತ ಕೂಡಿಹಾಕಿದರೆ ಆ ಅಡುಗೆಮನೆಯಲ್ಲಿ ಏನು ಬೇಯುತ್ತದೆ? ಹಾಗಲಕಾಯಿಯೇ?

ಎಗೈಲಾದಲ್ಲಿರುವ ಅಲೋಶಿಯಸ್‌ನ ಅಕ್ಕ ಮೇಬಲ್ ಪ್ರತಿ ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ, ಚರ್ಚಿನ ಪ್ರಾರ್ಥನೆ ಮುಗಿಸಿ ಒಂದು ಬುಟ್ಟಿ ಕಳಿಸುತ್ತಾರೆ. ಅದರಲ್ಲಿ ಕೇಕು ಇರುತ್ತದೆ, ತೆಂಗಿನಕಾಯಿಯ ದೋದೋಲ್ ಇರುತ್ತದೆ. ಗುರುವಾರ ತಾಹಿರ್ ಭಾಯಿಯ ಸರದಿ, ಫಾಹಾಹೀಲ್‌ನಿಂದ ಒಂದು ತಟ್ಟೆ ಖುನಾಫಾ ಎಂಬ ಅರಬಿ ಸಿಹಿ. ಮೊದಲ ವಾರ ನಾನು ಬೇಡವೆಂದೆ. ಆಗ ಅಲೋಶಿಯಸ್ ಹೇಳಿದ್ದನ್ನು ಅಕ್ಷರಶಃ ಕೊಡುತ್ತಿದ್ದೇನೆ:

"ಎಂತ ಸಾರ್ ನೀವು! ಇಷ್ಟು ಎತ್ತರಕ್ಕೆ ಬಂದ ಮೇಲೆ ಇನ್ನು ಪಥ್ಯ ಎಂತಕ್ಕೆ ಮಾರಾಯ್ರೆ? ಹವೆಯೇ ಕರಗಿಸ್ತದೆ ಅಂತ ಕಂಪನಿಯೇ ಬರೆದು ಕೊಟ್ಟಿದೆಯಲ್ಲ!"

"ಬಿಲ್ಕುಲ್," ಅಂದ ತಾಹಿರ್, ಸಕ್ಕರೆಪಾಕ ಸುರಿಯುವ ತುಂಡೊಂದನ್ನು ನನ್ನ ತಟ್ಟೆಗೆ ಹಾಕುತ್ತ. "ನರಸಿಂಹ ಭಾಯಿ, ಖಾವೋ. ಹಮ್ ಪಹಾಡೀ ಲೋಗ್ ಹೈಂ."

ನಾವು ಬೆಟ್ಟದ ಜನರಂತೆ! ಕಿಟಕಿಯಿಂದ ಕೆಳಗೆ ನೋಡಿದರೆ ಶವರ್ಮಾ ಅಂಗಡಿಯವನ ತಲೆಯ ಬೋಳು ಕಾಣುತ್ತದೆ. ಅವನು ಮೇಲೆ ನೋಡಿ ಕೈಬೀಸುತ್ತಾನೆ. ಹಿಮಾಲಯದಲ್ಲಿ ಹೀಗಿರುವುದಿಲ್ಲ ಎಂದು ಕಾಣುತ್ತದೆ.

ಇನ್ನು ಹನ್ನೆರಡನೇ ಮಹಡಿಯವರ ಕಥೆ. ಮೇಲಿನ ಮನೆಗಳಿಂದ ಸಮುದ್ರ ಕಾಣುತ್ತದೆ ಎಂದು ಗೊತ್ತಾಗಿದ್ದೇ ತಡ, ಇಪ್ಪತ್ತೇಳು ವರ್ಷದ, ಕಡ್ಡಿಯಂತಿರುವ ಎಂಜಿನಿಯರ್ ಪ್ರೀತಮ್ ಮರುಪರೀಕ್ಷೆ ಕೇಳಿ, ಅದಕ್ಕೆ ಮೊದಲು ಕಬ್ಬಿನಹಾಲಿನ ಮೇಲೆ ಕಬ್ಬಿನಹಾಲು ಕುಡಿದು, ಪಾಸಾಗಿ, ಅಲ್ಲ, ಫೇಲಾಗಿ, ಹನ್ನೆರಡನೇ ಮಹಡಿಯ ಬಾಲ್ಕನಿ ಗಿಟ್ಟಿಸಿಕೊಂಡ. ಈಗ ಅಲ್ಲಿ ಕುರ್ಚಿ ಹಾಕಿಕೊಂಡು ಹಡಗು ಎಣಿಸುತ್ತಾನೆ. ಆರೋಗ್ಯವಂತನಾಗಿದ್ದರೆ ಕಸದ ತೊಟ್ಟಿ ಕಾಣುವ ಮನೆ, ರೋಗಿಯಾದರೆ ಸಮುದ್ರ ಕಾಣುವ ಮನೆ. ಇಂಥ ಬಹುಮಾನ ಪದ್ಧತಿಯನ್ನು ಸಕ್ಕರೆ ಕಾರ್ಖಾನೆಯವರೂ ಯೋಚಿಸಿರಲಾರರು.

ನಾನು ಹೊಟ್ಟೆಪಾಡಿಗೆ ಉಪಕರಣ ವಿಭಾಗದವನು. ಒತ್ತಡ ಅಳೆಯುವುದೇ ನನ್ನ ಕಸುಬು. ಯಾರಾದರೂ ಎತ್ತರ, ಹವೆ ಎಂದರೆ ನನ್ನ ಕೈ ತುರಿಸುತ್ತದೆ. ಹಾಗಾಗಿ ನನ್ನ ಸ್ವಂತದ ವಾಯುಭಾರಮಾಪಕವನ್ನು ಮೊದಲನೇ ಮಹಡಿಯಲ್ಲಿ ಇಟ್ಟು ನೋಡಿದೆ, ಹದಿಮೂರನೆಯದರಲ್ಲಿ ಇಟ್ಟು ನೋಡಿದೆ. ವ್ಯತ್ಯಾಸ ನಾಲ್ಕು ಮಿಲಿಬಾರ್. ನಮ್ಮ ಘಟಕದ ಹಳೇ ದಾಖಲೆಗಳನ್ನೂ ತೆಗೆದೆ. ಈ ದೇಶದಲ್ಲಿ ಜನವರಿಯ ಚಳಿಯಿಂದ ಜುಲೈ ತಿಂಗಳ ಸೆಕೆಗೆ ಬರುವಷ್ಟರಲ್ಲಿ ವಾಯುಭಾರ ತಾನಾಗಿಯೇ ಇಪ್ಪತ್ತು ಮಿಲಿಬಾರಿನಷ್ಟು ಇಳಿಯುತ್ತದೆ. ಇದರ ಅರ್ಥ ತಮಗೆ ಆಯಿತೇ? ಪ್ರತಿ ಬೇಸಿಗೆಯಲ್ಲಿ ಇಡೀ ಕುವೈತ್, ಅದರ ಎಣ್ಣೆಬಾವಿ, ಒಂಟೆ, ಮಾಲುಗಳ ಸಮೇತ, ತಮ್ಮ ಹದಿಮೂರನೇ ಮಹಡಿಗಿಂತ ನಾಲ್ಕೈದು ಪಟ್ಟು ಹೆಚ್ಚು ಎತ್ತರಕ್ಕೆ ಏರಿದಷ್ಟೇ ಹವೆ ತೆಳುವಾಗುತ್ತದೆ. ಲಿಫ್ಟ್ ಬೇಕಿಲ್ಲ, ಆದೇಶ ಬೇಕಿಲ್ಲ. ತಮ್ಮ ಲೆಕ್ಕದಲ್ಲಿ ಪ್ರತಿ ಆಗಸ್ಟಿಗೆ ಈ ದೇಶದಲ್ಲಿ ಮಧುಮೇಹ ನಿರ್ಮೂಲವಾಗಬೇಕಿತ್ತು.

ಈ ಲೆಕ್ಕವನ್ನು ಕಾವೇರಿಗೆ ಹೇಳಿದೆ. ಅವಳು ನಗಲಿಲ್ಲ. ಅವಳದು ಬೇರೆಯ ಸಿಟ್ಟು.

"ರೀ, ಆ ಸ್ಟಡಿಗಳು ಸುಳ್ಳಲ್ಲ," ಅಂದಳು. "ಆದ್ರೆ ಅವು ಸಾವಿರಾರು ಮೀಟರ್ ಮೇಲೆ ತಲೆತಲಾಂತರದಿಂದ ಬಾಳಿದವರ ಮಾತು. ಅವರು ದಿನಾ ಏರ್ತಾರೆ, ಇಳೀತಾರೆ, ಹೊರೆ ಹೊರ್ತಾರೆ. ತಿನ್ನೋದು ಬೇರೆ. ಅಲ್ಲಿ ಕೆಲವರಿಗೆ ರಕ್ತ ಗಟ್ಟಿಯಾಗಿ ಬೇರೆ ತೊಂದರೆ ಬರುತ್ತೆ, ಮೂರು ತಿಂಗಳ ಸಕ್ಕರೆ ಟೆಸ್ಟೂ ಕೆಲವು ಸಲ ಸರಿಯಾಗಿ ತೋರ್ಸಲ್ಲ. ಇದನ್ನೆಲ್ಲ ಬಿಟ್ಟು ಮಹಡಿ ಎಣಿಸ್ತಾ ಕೂತಿದಾರಲ್ಲ ಇವರು! ನಮ್ಮಣ್ಣ ಹುಟ್ಟಿದಾಗಿಂದ ಮಡಿಕೇರೀಲೇ ಇದಾನೆ. ನಲವತ್ತನೇ ವರ್ಷದಿಂದ ಇನ್ಸುಲಿನ್ ಚುಚ್ಕೋತಾ ಇದಾನೆ. ಅವನನ್ನ ಇನ್ನೆಲ್ಲಿಗೆ ಹತ್ತಿಸ್ತಾರಂತೆ?"

ಇದನ್ನು ಅವಳು ಹೇಳಿದ್ದು ಮೆಟ್ಟಿಲ ಮೇಲೆ ಕುಳಿತು. ಯಾಕೆ ಮೆಟ್ಟಿಲು ಎಂದು ತಾವು ಕೇಳಬಹುದು. ಅವಳಿಗೆ ಹಂಚಿದ ಮನೆಯಲ್ಲಿ ಅವಳ ಜೊತೆ ನತಾಶಾ ಎಂಬ ಇನ್ನೊಬ್ಬ ನರ್ಸ್ ಇದ್ದಾಳೆ. ಹಾಗಾಗಿ ಅದು ಮಹಿಳಾ ವಸತಿ. ಮಹಿಳಾ ವಸತಿಗೆ ಗಂಡಸರು ಕಾಲಿಡುವಂತಿಲ್ಲ, ಇದೂ ತಮ್ಮದೇ ಆದೇಶದ ಆರನೇ ನಿಯಮ. ಆ ಮಹಡಿಗೆ ಬರಬೇಕಾದರೂ ನಾನು ಕಟ್ಟಡದ ಕಾವಲುಗಾರ ಫಿದಾನ ಪುಸ್ತಕದಲ್ಲಿ ಬರೆಯಬೇಕು. ಮೊದಲ ದಿನ ಅವನು ಪೆನ್ನು ಕೊಟ್ಟು ನಿಂತ.

"ಸಾಬ್, ರಿಶ್ತಾ ಭೀ ಲಿಖೋ. ಖಾಲಿ ಮತ್ ಛೋಡೋ."

ಸಂಬಂಧ ಎಂಬ ಕಡೆ 'ಗಂಡ' ಎಂದು ಬರೆದೆ. ಭೇಟಿಯ ಉದ್ದೇಶ ಎಂಬ ಕಡೆ 'ಸಾರು' ಎಂದು ಬರೆದೆ. ಫಿದಾ ಓದಿಸಿಕೊಂಡು ನಕ್ಕ. ಆಮೇಲೆ ಪಾಪ ಅನಿಸಿರಬೇಕು, ಮರುದಿನದಿಂದ ಮೆಟ್ಟಿಲ ಮೇಲೆ ಹಾಸಿಕೊಳ್ಳಲು ರಟ್ಟಿನ ತುಂಡೊಂದನ್ನು ಇಟ್ಟಿರುತ್ತಾನೆ.

ಬೆಳಿಗ್ಗೆ ತಿಂಡಿ ಅಲ್ಲಿ, ಸಂಜೆ ಊಟ ಅಲ್ಲಿ. ಅವಳು ಕ್ಯಾರಿಯರ್ ತರುತ್ತಾಳೆ, ಸೌಟು ಮಾತ್ರ ಮರೆಯುವುದಿಲ್ಲ. ಮಣಿಪಾಲದಲ್ಲಿ ಓದುತ್ತಿರುವ ಮಗಳು ಯಾಮಿನಿ ವಿಡಿಯೋ ಕರೆ ಮಾಡಿದಾಗ ಅಪ್ಪ ಒಂದು ಚೌಕದಲ್ಲಿ, ಅಮ್ಮ ಇನ್ನೊಂದು ಚೌಕದಲ್ಲಿ. ಮೂರು ವಾರ ಸಹಿಸಿಕೊಂಡು, ಕೊನೆಗೆ ಕೇಳಿಯೇಬಿಟ್ಟಳು: "ಅಪ್ಪಾ, ಬಿ ಆನೆಸ್ಟ್. ಆರ್ ಯೂ ಟೂ ಸೆಪರೇಟೆಡ್?" ಇಲ್ಲಮ್ಮ, ಅಪ್ಪ ಮೈಸೂರ್‌ಪಾಕ್ ತಿಂದ ಎಂದೆ. ಅವಳು ನಂಬಲಿಲ್ಲ. ಅವಳ ಜಾಗದಲ್ಲಿ ಇದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ಈಗ ತಾವು ಕಾದಿರುವ ಭಾಗಕ್ಕೆ ಬರುತ್ತೇನೆ. ಮೇ ತಿಂಗಳ ಪರೀಕ್ಷೆಯಲ್ಲಿ ನನ್ನ ಸಕ್ಕರೆ ನೂರ ನಾಲ್ಕು. ತೂಕ ಆರು ಕಿಲೋ ಇಳಿದಿದೆ. ಅಲೋಶಿಯಸ್ ಮುನ್ನೂರು ದಾಟಿದ್ದಾನೆ, ತಾಹಿರ್ ಎಷ್ಟು ದಾಟಿದ್ದಾನೆಂದು ಹೇಳಲು ಒಪ್ಪುತ್ತಿಲ್ಲ. ತಮ್ಮ ಮಾಸಿಕ ಪತ್ರಿಕೆಯಲ್ಲಿ ಆ ಇಬ್ಬರ ಸುದ್ದಿಯಿಲ್ಲ. ನನ್ನ ಫೋಟೋ ಇದೆ, ಅರ್ಧ ಪುಟದ್ದು, ಹಿಂದೆ ಒಂದು ಹಿಮಪರ್ವತದ ಚಿತ್ರ ಅಂಟಿಸಿ. ನಾನು ಹಾಕಿರುವುದು ಅರ್ಧ ತೋಳಿನ ಅಂಗಿ. ಕೆಳಗೆ 'ಎತ್ತರವೇ ಔಷಧ' ಎಂದು ಬರೆದಿದ್ದೀರಿ.

ಸ್ವಾಮಿ, ಹದಿಮೂರರಿಂದ ಒಂದಕ್ಕೆ ಇನ್ನೂರ ನಲವತ್ತು ಮೆಟ್ಟಿಲು. ಲಿಫ್ಟಿಗೆ ಕಾದರೆ ಕಂಪನಿ ಬಸ್ಸು ತಪ್ಪುತ್ತದೆ, ಸಂಜೆಯಾದರೆ ಸಾರು ಆರುತ್ತದೆ. ಹೀಗಾಗಿ ಹೆಂಡತಿಯ ಕೈಯಡುಗೆ ತಿನ್ನಲು ದಿನಕ್ಕೆ ಎರಡು ಸಲ ಇಳಿದು ಎರಡು ಸಲ ಏರುತ್ತೇನೆ, ಶುಕ್ರವಾರ ಮೂರು ಸಲ. ತಿನ್ನುವುದು ಅವಳು ಅಳೆದು ಕೊಟ್ಟಷ್ಟು, ಮೇಲಿನ ಬುಟ್ಟಿ ತಟ್ಟೆಗಳನ್ನು ಮುಟ್ಟುವುದಿಲ್ಲ. ನನ್ನ ಸಕ್ಕರೆ ಇಳಿಸಿದ್ದು ಕಾವೇರಿ ಮತ್ತು ಕೆಟ್ಟುಹೋದ ಲಿಫ್ಟು. ಸನ್ಮಾನ ಮಾಡುವುದಿದ್ದರೆ ಆ ಲಿಫ್ಟಿಗೆ ಶಾಲು ಹೊದಿಸಿ.

ಇಷ್ಟನ್ನೂ ಬರೆದು, ಸಕ್ಕರೆ ಇಳಿದಿದೆಯಲ್ಲ, ಇನ್ನಾದರೂ ಕೆಳಗೆ ಬಿಡಿ ಎಂದು ಅರ್ಜಿ ಕೊಟ್ಟೆ. ತಾವು ಫೋನಿನಲ್ಲಿ ಎಷ್ಟು ಅಕ್ಕರೆಯಿಂದ ಉತ್ತರಿಸಿದಿರಿ! "ಸರ್, ನಿಮ್ಮ ಕೇಸ್ ನಮ್ ಫ್ಲ್ಯಾಗ್‌ಶಿಪ್. ಕೆಳಗೆ ಬಂದ್ರೆ ಮತ್ತೆ ಏರಿಬಿಡುತ್ತೆ. ರಿಸ್ಕ್ ಬೇಡ." ಅಂದರೆ ರೋಗವಿದ್ದಾಗ ರೋಗವಿದೆಯೆಂದು ಮೇಲೆ, ವಾಸಿಯಾದಾಗ ವಾಸಿಯಾಯಿತೆಂದು ಮೇಲೆ. ಕೆಳಗಿಳಿಯುವ ದಾರಿಯನ್ನು ತಮ್ಮ ಯೋಜನೆ ಸತ್ತವರಿಗೆ ಮಾತ್ರ ಇಟ್ಟಿದೆಯೇ? ಅಲೋಶಿಯಸ್‌ಗೂ ತಾಹಿರ್‌ಗೂ ಇನ್ನೂ ಎತ್ತರ ಬೇಕೆಂದು ಟೆರೇಸಿನ ಮೇಲೆ ನೀರಿನ ಟ್ಯಾಂಕಿನ ಪಕ್ಕದ ಕೋಣೆಗೆ ಬಣ್ಣ ಹೊಡೆಸುತ್ತಿದ್ದೀರಂತೆ. ಜೂನ್ ತಿಂಗಳಲ್ಲಿ ಆ ಕೋಣೆಯಲ್ಲಿ ಸಕ್ಕರೆ ಇಳಿಯುವುದು ನಿಜ, ಮನುಷ್ಯನೇ ಕರಗುವುದರಿಂದ. ದಯವಿಟ್ಟು ಆ ಕೆಲಸ ನಿಲ್ಲಿಸಿ. ಅವರಿಗೆ ಬೇಕಾಗಿರುವುದು ಒಬ್ಬ ಒಳ್ಳೆಯ ವೈದ್ಯ, ಸರಿಯಾದ ಮಾತ್ರೆ, ಮತ್ತು ಗದರಿಸುವ ಒಂದು ಹೆಣ್ಣುಜೀವ.

ಇಷ್ಟರವರೆಗೆ ನಗುನಗುತ್ತಲೇ ಬರೆದೆ. ಇನ್ನು ನಗು ಬರುತ್ತಿಲ್ಲ.

ಹೋದ ಶುಕ್ರವಾರ ಊಟ ಮುಗಿದ ಮೇಲೆ ಕಾವೇರಿ ಒಂದು ಕಾಗದ ಕೊಟ್ಟು, "ರೀ, ಇಂಗ್ಲಿಷ್ ಸರಿ ಇದ್ಯಾ ಒಂಚೂರು ನೋಡಿ," ಅಂದಳು. ಅವಳು ಏನೇ ಬರೆದರೂ ನನಗೆ ತೋರಿಸುವುದು ರೂಢಿ. ಜೇಬಿನಿಂದ ಪೆನ್ನು ತೆಗೆದು ಓದುತ್ತ ಹೋದೆ. ಎರಡನೇ ಸಾಲಿನಲ್ಲಿ ಒಂದು ಅಕ್ಷರ ತಿದ್ದಿದೆ. ನಾಲ್ಕನೆಯದರಲ್ಲಿ ಒಂದು ಅಲ್ಪವಿರಾಮ ಹಾಕಿದೆ. ಐದನೇ ಸಾಲಿಗೆ ಬಂದಾಗ ಗೊತ್ತಾಯಿತು, ನಾನು ತಿದ್ದುತ್ತಿರುವುದು ಅವಳ ರಾಜೀನಾಮೆಯನ್ನು ಎಂದು.

ತಮ್ಮ ಆದೇಶದ ಒಂಬತ್ತನೇ ನಿಯಮವನ್ನು ತಾವಾದರೂ ಓದಿದ್ದೀರೋ ಇಲ್ಲವೋ, ಅವಳು ಓದಿದ್ದಾಳೆ: 'ನೌಕರರ ಅವಲಂಬಿತರು ನೌಕರರ ಮಹಡಿಯಲ್ಲೇ ವಾಸಿಸತಕ್ಕದ್ದು.' ಅವಳು ಕೆಲಸ ಬಿಟ್ಟು, ಇಕಾಮಾವನ್ನು, ಅಂದರೆ ಇಲ್ಲಿ ವಾಸಿಸುವ ಪರವಾನಗಿಯನ್ನು, ನನ್ನ ಹೆಸರಿನಡಿ ಬದಲಾಯಿಸಿಕೊಂಡರೆ ಅವಲಂಬಿತೆ. ಆಗ ನಮಗೊಂದು ಮನೆ, ಒಂದು ಬಾಗಿಲು.

"ಹತ್ತೊಂಬತ್ತು ವರ್ಷ ಕಂಡವರಿಗೆಲ್ಲ ಸೂಜಿ ಚುಚ್ಚಿದ್ದು ಸಾಕು ಬಿಡಿ," ಅಂದಳು. "ನಂಗೂ ಮೊಣಕಾಲು ನೋವು. ಈ ಮೆಟ್ಲ ಮೇಲೆ ಇನ್ನೆಷ್ಟು ದಿನ ಕೂರೋದು?"

ಸಾಕಾಗಿಲ್ಲ ಮಾನ್ಯರೇ. ಅವಳಿಗೆ ಆ ಕೆಲಸ ಸಾಕಾಗಿಲ್ಲ. ಕೋವಿಡ್ ಕಾಲದಲ್ಲಿ ನಲವತ್ತೊಂದು ದಿನ ಮನೆಗೆ ಬಾರದೆ ಕ್ಲಿನಿಕ್ಕಿನಲ್ಲೇ ಮಲಗಿದವಳು. ನೀವು ಕರೆಯದಿದ್ದರೂ ರಜೆಯ ದಿನ ಹೋಗಿ ರೋಗಿಗಳ ಗಾಯ ನೋಡಿ ಬರುವವಳು. ಅಂಥವಳು ಯಾರ ಮೇಲೋ ಅವಲಂಬಿತೆ ಎಂದು ಬರೆಸಿಕೊಳ್ಳಲು ಹೊರಟಿದ್ದಾಳೆ, ನನ್ನ ಜೊತೆ ಕೂತು ಊಟ ಮಾಡಲಿಕ್ಕೆ. ನನಗೆ ಅಳು ಬಂತು. ಬಹಿರಂಗ ಪತ್ರದಲ್ಲಿ ಇದನ್ನೆಲ್ಲ ಬರೆಯಬಾರದು ಎಂದು ಗೊತ್ತು. ಬರೆದಿದ್ದೇನೆ. ಲಿಫ್ಟ್ ಇನ್ನೂ ಬಂದಿರಲಾರದು, ಎಲ್ಲರೂ ಓದಲಿ.

ಆ ಕಾಗದದಲ್ಲಿ ದಿನಾಂಕದ ಜಾಗ ಮಾತ್ರ ಖಾಲಿ ಬಿಟ್ಟಿದ್ದಾಳೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಡ್ಯೂಟಿಗೆ ಹೋಗುವಾಗ ತುಂಬಿಸಿ ಕೊಡುತ್ತಾಳಂತೆ, ಬಾಕಿ ರಜೆಯನ್ನೆಲ್ಲ ನೋಟಿಸ್ ಅವಧಿಗೆ ಹಾಕಿ ಮರುದಿನದಿಂದ ಹೋಗುವುದಿಲ್ಲವಂತೆ. ನನ್ನ ಬೇಡಿಕೆ ಒಂದೇ. ಅಷ್ಟರೊಳಗೆ ನಮ್ಮಿಬ್ಬರಿಗೂ ಒಂದೇ ಮನೆ ಎಂಬ ಒಂದು ಸಾಲಿನ ಆದೇಶ ಬರಲಿ. ಮಹಡಿ ಯಾವುದಾದರೂ ಆಗಲಿ, ನೆಲಮಾಳಿಗೆಯಾದರೂ ಸರಿ.

ಬರದಿದ್ದರೆ? ನಾನೇನೂ ಮಾಡುವವನಲ್ಲ, ಬೆದರಿಸುವುದು ನನಗೆ ಬರುವುದಿಲ್ಲ. ಒಂದು ಮಾತು ತಿಳಿಸುತ್ತೇನೆ ಅಷ್ಟೇ. ಮೊನ್ನೆ ತಾವು ಕ್ಲಿನಿಕ್ಕಿನಲ್ಲಿ ಎಲ್ಲರೆದುರು ಹೇಳಿದಿರಂತಲ್ಲ, ತಮ್ಮ ಕೈಯಲ್ಲಿ ನರ ಸಿಗುವುದು ಕಷ್ಟ, ಬೇರೆಯವರಾದರೆ ಐದಾರು ಸಲ ಚುಚ್ಚುತ್ತಾರೆ, ಕಾವೇರಿ ಸಿಸ್ಟರ್ ಒಬ್ಬರೇ ಒಂದೇ ಸಲಕ್ಕೆ ಹಿಡಿಯುವುದು ಎಂದು. ತಮ್ಮ ಮುಂದಿನ ಪರೀಕ್ಷೆ ಸೋಮವಾರ.

ಇಂತಿ,
ಹೆಂಡತಿಯಿದ್ದೂ ಬ್ರಹ್ಮಚಾರಿ, ವಾಸಿಯಾಗಿಯೂ ರೋಗಿ,
ಲಕ್ಷ್ಮೀನರಸಿಂಹ
ಉಪಕರಣ ವಿಭಾಗ